ಹನ್ನೆರಡು ಬೆರಳು

ಕಲಬುರಗಿ ದವಾಖಾನಿ, ಮೂರನೇ ಮಹಡಿ.
ಪೈಪು ನುಂಗೂ ಮುಂದ ಸಹಿ ತಗೊಳ್ಳೂದು ನನ್ನ ಕೆಲಸ.
ಆಳಂದದ ದೇವಿಂದ್ರಪ್ಪ ಸಿಂಪಿ
ಫಾರ್ಮಿನಾಗಿನ ಒಂದೇ ಶಬ್ದದ ಮ್ಯಾಲ ಬೆರಳಿಟ್ಟು ಕೂತಾನ.
'ಸಹಿ ಬರತದ್ರಿ ನನಗ. ಖರೆ ಇದೇನು,
ಬಿಚ್ಚಿದಷ್ಟೂ ಬರೂ ಥಾನಿನಂಥಾ ಶಬ್ದ?
ಜೋಡು ಎಲ್ಲೆಲ್ಲಿ ಅದ, ತೋರಸ್ರಿ.'

ಓದಿದೆ, ಹಲ್ಲಿಗೆ ಸಿಗದಂಗ, ಸಾವಕಾಶ:
ಇಸೋಫಗೋಗ್ಯಾಸ್ಟ್ರೋಡ್ಯುಯೋಡಿನೋಸ್ಕೋಪಿ.

ಅವನ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹತ್ತಿ ಇಳೀತು,
ನಾಕು ಬೆರಳಿಗೆ ಮೂರು ಮೂರು.
'ಹನ್ನೆರಡು' ಅಂದ. 'ಒಂದು ಕೈಯಾಗ ಹಿಡೀತದಲ್ರಿ!'

ಹೊಲಿಗಿ ಬಿಚ್ಚಿದೆ.
ಇಸೋಫಗೋ, ತುತ್ತು ಇಳಿಯೂ ಕೊಳವಿ.
ಗ್ಯಾಸ್ಟ್ರೋ, ರಾತ್ರಿ ಹತ್ತರಿಂದ ನೀವು ಖಾಲಿ ಇಟ್ಟ ಹೊಟ್ಟಿ.
ಸ್ಕೋಪಿ ಅಂದ್ರ ನೋಡೂದು, ಪೈಪಿನ ತುದಿಗೆ ದೀಪ ಇಟಗೊಂಡು.
ನಡುವ ಉಳೀತು ಡ್ಯುಯೋಡಿನೋ,
ಸಣ್ಣ ಕರುಳಿನ ಮೊದಲ ತುಂಡು.
ಹಿಂದಿನ ವೈದ್ಯರು ಬೆರಳು ಅಡ್ಡ ಇಟ್ಟು ಅಳದು
ಹನ್ನೆರಡು ಅಂತನ ಹೆಸರಿಟ್ಟರಂತ.

'ಅವರ ಬಲ್ಲಿ ಟೇಪು ಇದ್ದಿಲ್ಲೇನು?'
ಕೊರಳಾಗ ಇಲ್ಲದ ಟೇಪು ತಡವಿಕೊಂಡ.
ಆಮ್ಯಾಲ ತಾನ ಅಂದ:
'ನಮ್ಮಪ್ಪನೂ ಹಂಗ. ಶೇರ್ವಾನಿಗೆ ಗುಂಡಿಯಿಂದ ಗುಂಡಿಗೆ
ನಾಕು ಬೆರಳು. ಯಾವ ನವಾಬಂದಾದ್ರೂ ನಮ್ಮಪ್ಪನ ಬೆರಳ.'

'ಮತ್ತ ಈ ನಡುನಡು ಓ, ಓ?'
'ಅವಕ್ಕ ಅರ್ಥ ಇಲ್ರಿ. ತುಂಡಿಗೆ ತುಂಡು ಕೂಡಸಲಿಕ್ಕ.'
'ದಾರ ಅನ್ರಿ.'
'ದಾರ.'
'ಅಂಗಿ ಉಟ್ಟಾಗ ಅರಬಿ ಚಂದ ಅಂತಾರ,
ಹರದಾಗ ದಾರಕ್ಕ ಬೈತಾರ' ಅಂದು ಸಹಿ ಮಾಡಿದ.
ದೇ ದಾಗ ಶುರು ಆದ ಗೆರಿ ಪ್ಪ ತನಕ
ಎಲ್ಲೂ ಪೆನ್ನು ಎತ್ತಲಿಲ್ಲ.

ಒಂದು ಮಾತು ಅವನಿಗೆ ಹೇಳಲಿಲ್ಲ.
ಶಹಾಬಾದದ ಸಾಲ್ಯಾಗ ನಮಗ ಗುರು-ಲಘು ಕಲಿಸಿದ್ರು,
ಪರಶಿ ನೆಲದ ಮ್ಯಾಲ ಸೀಮೆಸುಣ್ಣದ ಗೆರಿ,
ಬಾಗಿದ್ದು ಲಘು, ಮಲಗಿದ್ದು ಗುರು.
ರೋಗಿಗಳಿಲ್ಲದ ಒಂದು ಮಧ್ಯಾಹ್ನ
ಹಾಳಾದ ಫಾರ್ಮಿನ ಬೆನ್ನಿಗೆ ಈ ಶಬ್ದಾನೂ ಹಾಕಿ ನೋಡಿದ್ದೆ:
ಜಗಣ, ಮಗಣ, ಜಗಣ, ತಗಣ.
ನನಗ ಬರೂ ಯಾವ ವೃತ್ತಕ್ಕೂ ಹೊಂದಲಿಲ್ಲ.
ಲಿನ್ಸಿ ಸಿಸ್ಟರ್ ನಕ್ಕಿದ್ರು:
'ನಸೀಮಾ, ಇಂಗ್ಲಿಷ್‌ದಾಗ ಮಾತ್ರೆ ಎಣಿಸಬ್ಯಾಡ,
ಒಂದ ಕಡೆ ಗುದ್ದಬೇಕು. ನೋ ಮ್ಯಾಲ.
ಉಳಿದವೆಲ್ಲಾ ಓಡಿ ಹೋಗತಾವ.'

ನೋ.
ನಮ್ಮ ನಾಲಿಗಿಗೆ ನೋಡೂದು ಶುರುವಾಗೂದು ಅಲ್ಲಿಂದ,
ನೋವೂ ಅಲ್ಲಿಂದನ.
ಇವತ್ತು ಭಾರ ಯಾವುದರ ಮ್ಯಾಲ ಬೀಳತದೋ
ಒಳಗಿನ ದೀಪ ಹೇಳಬೇಕು, ನಾನಲ್ಲ.

ಎಡಮಗ್ಗಲಿಗೆ ಮಲಗಿಸಿದ್ರು. ಬಾಗಲಾ ಮುಚ್ಚಿತು.
ನಾನು ಮುಂದಿನವರ ಹೆಸರು ಬರದೆ,
ಕಾಗುಣಿತ ತಪ್ಪಿ ಹೊಡದು ಹಾಕಿ ಮತ್ತ ಬರದೆ.

ಚೀಟಿ ಹಿಡಕೊಂಡು ಒಳಗ ಹೋದಾಗ
ಅವನು ಕಣ್ಣು ಮುಚ್ಚಿದ್ದ. ಗಂಟಲಕ್ಕ ಸ್ಪ್ರೇ ಹೊಡದಿದ್ರು,
ನಾಲಿಗಿ ನೆನಸಿಟ್ಟ ಅರಬಿಯಂಗ ಬಾಯಾಗ ಬಿದ್ದಿತ್ತು.
ಕ ಇಲ್ಲ, ತ ಇಲ್ಲ, ತುಟಿಗೆ ಪ ಸುದ್ದಾ ಬರೂಹಂಗಿಲ್ಲ.

'ದೇವಿಂದ್ರಪ್ಪ' ಅಂತ ಕರದೆ.

'ಓ' ಅಂದ.